ಪಂಪ್ ಹೋಗಿದೆ ಎಂದಾಕ್ಷಣ ಹೊಸ ಪಂಪ್ ಹಾಕಿಸಬೇಡಿ

ತುಮಕೂರು, ಗುಬ್ಬಿ, ಶಿರಾ, ಕುಣಿಗಲ್ ಕಡೆ ದಿನವೂ ಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್ ಮೂಲಕ ಪೆಟ್ರೋಲ್ ಸಿಂಪಡಿಸುವ) ಬೈಕ್ ಓಡಿಸುವವರು ಇದನ್ನು ಪೂರ್ತಿ ಓದಬೇಕೆಂದು ಕೋರುತ್ತೇನೆ. ಎಂಜಿನ್ ಬಿಸಿಯಾದಾಗ ದಾರಿಯಲ್ಲೇ ನಿಂತುಹೋಗಿ, ತಣ್ಣಗಾದ ಮೇಲೆ ಮತ್ತೆ ಸ್ಟಾರ್ಟ್ ಆಗುತ್ತಿದ್ದ ನನ್ನ ಗಾಡಿಗೆ ನಗರದ ಒಂದು ಗ್ಯಾರೇಜಿನವರು ಮೊದಲು ಫ್ಯುಯೆಲ್ ಪಂಪ್ ಬದಲಾಯಿಸಿದರು, ಅದು ಸಾಲದೆಂದು ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ಕೂಡ ಹೋಗಿದೆ ಎಂದರು. ಎರಡರಲ್ಲೂ ದೋಷವಿರಲಿಲ್ಲ. ಕೆಟ್ಟಿದ್ದು ವೈರುಗಳನ್ನು ಜೋಡಿಸುವ ಒಂದು ಕನೆಕ್ಟರಿನ ಪಿನ್.

ತೊಂದರೆ ಕಾಣಿಸಿಕೊಂಡದ್ದು ಮಳೆಗಾಲದಲ್ಲಿ, ವಾಟರ್ ಸರ್ವಿಸ್ ಮಾಡಿಸಿದ ಕೆಲವು ವಾರಗಳ ನಂತರ. ತುಮಕೂರಿನಿಂದ ಗುಬ್ಬಿಗೆ ಹೋಗುವಾಗ ಮಲ್ಲಸಂದ್ರ ದಾಟುತ್ತಿದ್ದಂತೆ, ಕೀ ಆಫ್ ಮಾಡಿದಂತೆ ಎಂಜಿನ್ ಒಮ್ಮೆಲೇ ಸತ್ತಿತು. ಸೆಲ್ಫ್ ಹೊಡೆದರೆ ಎಂಜಿನ್ ಚೆನ್ನಾಗಿ ಸುತ್ತುತ್ತಿತ್ತು, ಆದರೆ ಹತ್ತಿಕೊಳ್ಳುತ್ತಿರಲಿಲ್ಲ. ಸ್ವಲ್ಪ ಹೊತ್ತು ರಸ್ತೆಯ ಪಕ್ಕದಲ್ಲಿ ನಿಲ್ಲಿಸಿಕೊಂಡರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತಿತ್ತು. ಹಿಂದೆ ಬಸ್ಸು, ಲಾರಿಗಳು ವೇಗವಾಗಿ ಬರುತ್ತಿರುವ ರಸ್ತೆಯಲ್ಲಿ ಹೀಗೆ ಗಾಡಿ ನಿಲ್ಲುವುದು ಪ್ರಾಣಕ್ಕೇ ಅಪಾಯ. ಆದ್ದರಿಂದ ಅಂದೇ ಗ್ಯಾರೇಜಿಗೆ ಕೊಟ್ಟೆ.

ಅಲ್ಲಿನ ಮೆಕ್ಯಾನಿಕ್ ಸೆಲ್ಫ್ ಒತ್ತಿ, ಟ್ಯಾಂಕಿಗೆ ಕಿವಿಗೊಟ್ಟು, "ಸಾರ್, ಪಂಪ್ ಸೌಂಡೇ ಬರ್ತಿಲ್ಲ, ಪಂಪ್ ಹೋಗಿದೆ" ಎಂದರು. ಮೇಲ್ನೋಟಕ್ಕೆ ಅದು ಸರಿಯಾದ ಮಾತಿನಂತೆಯೇ ಕಾಣುತ್ತದೆ, ಅಪಾಯವಿರುವುದೂ ಅಲ್ಲೇ. ಎಫ್‌ಐ ಗಾಡಿಯಲ್ಲಿ ಕೀ ಆನ್ ಮಾಡಿದಾಗ ಇಸಿಯು ಪಂಪನ್ನು ಎರಡು ಮೂರು ಸೆಕೆಂಡು ಮಾತ್ರ ಓಡಿಸಿ, ಲೈನಿನಲ್ಲಿ ಒತ್ತಡ ತುಂಬಿಸಿ ನಿಲ್ಲಿಸುತ್ತದೆ. ಆಮೇಲೆ ಪಂಪ್ ಮತ್ತೆ ಓಡಬೇಕಾದರೆ ಎಂಜಿನ್ ತಿರುಗುತ್ತಿದೆ ಎಂಬ ಸಂಕೇತ ಇಸಿಯುಗೆ ತಲುಪಬೇಕು. ಆ ಸಂಕೇತವನ್ನು ಕಳಿಸುವುದು ಎಂಜಿನ್ ಜೊತೆ ತಿರುಗುವ ಮ್ಯಾಗ್ನೆಟ್ ಪಕ್ಕದಲ್ಲಿರುವ ಕ್ರ್ಯಾಂಕ್ ಪೊಸಿಷನ್ ಸೆನ್ಸರ್. ನಮ್ಮ ಕಡೆಯ ಮೆಕ್ಯಾನಿಕ್‌ಗಳು ಪಲ್ಸರ್ ಕಾಯಿಲ್ ಎನ್ನುವುದು ಇದನ್ನೇ. ಈ ಸಂಕೇತ ಕಡಿದುಹೋದರೆ ಸ್ಪಾರ್ಕ್ ಬರುವುದಿಲ್ಲ, ಇಂಜೆಕ್ಟರ್ ಪೆಟ್ರೋಲ್ ಸಿಂಪಡಿಸುವುದಿಲ್ಲ, ಪಂಪ್ ಕೂಡ ಸುಮ್ಮನಾಗುತ್ತದೆ. ಇದು ಗಾಡಿ ಬಿದ್ದಾಗ ಅಥವಾ ಎಂಜಿನ್ ನಿಂತಾಗ ಪೆಟ್ರೋಲ್ ಸುರಿಯದಿರಲೆಂದು ಮಾಡಿರುವ ವ್ಯವಸ್ಥೆ. ಅಂದರೆ ಪಂಪ್ ಸದ್ದು ಮಾಡದಿರುವುದು ಬೇರೊಂದು ದೋಷದ ಪರಿಣಾಮವಾಗಿರಬಹುದು, ಅದೇ ದೋಷವೆಂದು ತೀರ್ಮಾನಿಸಲು ಅಷ್ಟೇ ಸಾಲದು.

ಹೊಸ ಪಂಪ್ ಹಾಕಿದ ಮೇಲೆ ಗಾಡಿ ಸ್ಟಾರ್ಟ್ ಆಯಿತು, ಏಕೆಂದರೆ ಕೆಲಸ ಮುಗಿಯುವಷ್ಟರಲ್ಲಿ ಎಂಜಿನ್ ತಣ್ಣಗಾಗಿತ್ತು. ಬಿಸಿಗೆ ಕಾಣಿಸಿಕೊಳ್ಳುವ ದೋಷಗಳಲ್ಲಿ ಯಾವ ಭಾಗ ಬದಲಿಸಿದರೂ ರಿಪೇರಿಯಾದಂತೆ ತೋರುವುದು ಇದೇ ಕಾರಣಕ್ಕೆ. ಗಾಡಿ ಮತ್ತೆ ಅದೇ ರಸ್ತೆಯಲ್ಲಿ ನಿಂತಾಗ, ಅದೇ ಗ್ಯಾರೇಜಿನವರು ಬ್ಯಾಟರಿ ವೈರ್ ಬಿಚ್ಚಿ "ರೀಸೆಟ್" ಮಾಡಿದರು, ನಂತರ ಇಸಿಯು ಬದಲಿಸಬೇಕೆಂದು ಪಂಪಿನ ಬೆಲೆಗಿಂತಲೂ ದೊಡ್ಡ ಮೊತ್ತ ಹೇಳಿದರು. ಹಳೆಯ ಪಂಪ್ ಕೇಳಿದರೆ ಗುಜರಿಗೆ ಹೋಯಿತೆಂದರು. ಬ್ಯಾಟರಿ ಬಿಚ್ಚಿದರೆ ಕೆಲವು ಗಾಡಿಗಳಲ್ಲಿ ಇಸಿಯುನಲ್ಲಿ ದಾಖಲಾಗಿರುವ ಫಾಲ್ಟ್ ಕೋಡ್ (ಯಾವ ಕಡೆ ದೋಷವಿದೆ ಎಂದು ಸೂಚಿಸುವ ಸಂಕೇತ ಸಂಖ್ಯೆ) ಅಳಿಸಿಹೋಗುತ್ತದೆ. ದೋಷ ಪತ್ತೆ ಮಾಡಬೇಕಾದವರೇ ಅದರ ಸುಳಿವನ್ನು ಅಳಿಸುವುದನ್ನು ನಾನು ನಿರ್ಲಕ್ಷ್ಯವೆಂದೇ ಕರೆಯುತ್ತೇನೆ.

ಇಸಿಯು ಬೇಡವೆಂದು ಹೇಳಿ, ಈ ಕೋಡ್ ಓದುವ ಸ್ಕ್ಯಾನರ್ ಇಟ್ಟುಕೊಂಡಿದ್ದ ಇನ್ನೊಬ್ಬ ಮೆಕ್ಯಾನಿಕ್ ಬಳಿ ಗಾಡಿ ಒಯ್ದೆ. ಅವರು ಮಾಡಿದ ಮೊದಲ ಕೆಲಸ, ಗಾಡಿಯನ್ನು ಬಿಸಿ ಮಾಡಿ ದೋಷ ಬರುವವರೆಗೆ ಕಾದದ್ದು. ಎಂಜಿನ್ ನಿಂತ ತಕ್ಷಣ ಸ್ಕ್ಯಾನರ್ ಹಾಕಿದರೆ ಪಿ0335 ಎಂಬ ಕೋಡ್ ಬಂದಿತ್ತು, ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಸೊನ್ನೆ ತೋರುತ್ತಿತ್ತು. ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು: ಪಿ0335 ಎಂದರೆ ಕ್ರ್ಯಾಂಕ್ ಸೆನ್ಸರಿನ ಸರ್ಕ್ಯೂಟ್‌ನಲ್ಲಿ ದೋಷವಿದೆ ಎಂದಷ್ಟೇ ಅರ್ಥ. ಸೆನ್ಸರ್, ವೈರ್, ಕನೆಕ್ಟರ್, ಈ ಮೂರರಲ್ಲಿ ಯಾವುದಾದರೂ ಇರಬಹುದು. ಕೋಡ್ ನೋಡಿ ನೇರವಾಗಿ ಸೆನ್ಸರ್ ಬದಲಿಸುವವರೂ ಇದ್ದಾರೆ, ಅವರೂ ಅದೇ ತಪ್ಪನ್ನು ಇನ್ನೊಂದು ರೀತಿಯಲ್ಲಿ ಮಾಡುತ್ತಾರೆ. ಈ ಮೆಕ್ಯಾನಿಕ್ ಮಲ್ಟಿಮೀಟರ್ ಹಿಡಿದು ಕಾಯಿಲ್‌ನ ರೆಸಿಸ್ಟೆನ್ಸ್ ಸರಿಯಾಗಿದೆಯೇ ಎಂದು ಸರ್ವಿಸ್ ಮ್ಯಾನ್ಯುಯಲ್ ಜೊತೆ ತಾಳೆ ನೋಡಿ, ನಂತರ ಸೈಡ್ ಪ್ಯಾನೆಲ್ ಒಳಗಿನ ಅದರ ಕನೆಕ್ಟರ್ ಬಿಚ್ಚಿದರು. ಒಂದು ಪಿನ್ ಹಸಿರು ಹಿಡಿದು ಸಡಿಲವಾಗಿತ್ತು. ಪ್ರೆಷರ್ ವಾಷರಿನ ನೀರು ಒಳಹೊಕ್ಕು ಪಿನ್ ತುಕ್ಕು ಹಿಡಿದಿರಬೇಕೆಂದು ಅವರ ಅಂದಾಜು. ಎಂಜಿನ್ನಿನ ಬಿಸಿ ಮತ್ತು ಅದುರುವಿಕೆಗೆ ಅಲ್ಲಿ ಸಂಪರ್ಕ ತಪ್ಪುತ್ತಿತ್ತು. ಟರ್ಮಿನಲ್ ಬದಲಿಸಿ ತೆಗೆದುಕೊಂಡ ಹಣ ನಾನು ಪಂಪಿಗೆ ಕೊಟ್ಟದ್ದರ ಒಂದು ಸಣ್ಣ ಪಾಲು. ಆಮೇಲೆ ಗಾಡಿ ಒಮ್ಮೆಯೂ ನಿಂತಿಲ್ಲ.

2020ರ ಏಪ್ರಿಲ್ 1ರಿಂದ ಬಿಎಸ್6 ಎಂಬ ಹೊಗೆ ಮಾಲಿನ್ಯದ ನಿಯಮ ಬಂದ ಮೇಲೆ ಕಾರ್ಬ್ಯುರೇಟರ್ ಗಾಡಿಗಳು ಹೊಸ ಮಾರಾಟದಿಂದ ಬಹುತೇಕ ಮರೆಯಾಗಿವೆ, ಆದ್ದರಿಂದ ಈ ಸಮಸ್ಯೆ ಎಲ್ಲರಿಗೂ ಸಂಬಂಧಿಸಿದ್ದು. ಗ್ಯಾರೇಜಿಗೆ ಕೊಡುವ ಮುನ್ನ ನೀವೇ ಗಮನಿಸಬಹುದಾದ ಕೆಲವು ಸಂಗತಿಗಳಿವೆ. ಎಂಜಿನ್ ಎಳೆತ ಕಡಿಮೆಯಾಗಿ, ಮುಗ್ಗರಿಸಿ ಮುಗ್ಗರಿಸಿ ನಿಂತರೆ ಪೆಟ್ರೋಲ್ ಪೂರೈಕೆಯನ್ನು ಮೊದಲು ಅನುಮಾನಿಸಬಹುದು. ಸ್ವಿಚ್ ಆರಿಸಿದಂತೆ ಒಮ್ಮೆಲೇ ನಿಂತರೆ ವಿದ್ಯುತ್ ಅಥವಾ ಸೆನ್ಸರ್ ಕಡೆ ನೋಡುವುದು ಮೇಲು. ಕೀ ಆನ್ ಮಾಡಿದಾಗಲೇ ಪಂಪ್ ಗುಂಯ್ ಎನ್ನದಿದ್ದರೆ ಫ್ಯೂಸ್, ರಿಲೇ, ಕಿಲ್ ಸ್ವಿಚ್ ನೋಡಿಸಿ. ಬ್ಯಾಟರಿಯ ವೋಲ್ಟೇಜ್ ಅಳೆಯುವುದು ತೀರಾ ಸುಲಭ: ಪೂರ್ತಿ ಚಾರ್ಜ್ ಆಗಿ ಸುಮ್ಮನಿರುವಾಗ ಸುಮಾರು 12.6 ವೋಲ್ಟ್, ಎಂಜಿನ್ ಓಡುವಾಗ ಸುಮಾರು 13.5ರಿಂದ 14.5ರವರೆಗೆ ಇರಬೇಕು. ಬ್ಯಾಟರಿ ಸೊರಗಿದರೂ ಇಸಿಯು, ಪಂಪ್ ಎರಡೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಪಂಪ್ ನಿಜವಾಗಿ ಹೋಗಿದೆಯೇ ಎಂದು ತಿಳಿಯಲು ಅದಕ್ಕೆ ಕರೆಂಟ್ ತಲುಪುತ್ತಿದೆಯೇ ಎಂದು ನೋಡಿ, ಪ್ರೆಷರ್ ಗೇಜ್ ಹಾಕಿ ಒತ್ತಡ ಅಳೆಯಬೇಕು. ಅನೇಕ ಬೈಕುಗಳಲ್ಲಿ ಅದು 3 ಬಾರ್ ಆಸುಪಾಸಿನಲ್ಲಿರುತ್ತದೆ. ವಾಟರ್ ಸರ್ವಿಸ್‌ನಲ್ಲಿ ಸೀಟಿನ ಕೆಳಗೆ, ಟ್ಯಾಂಕಿನ ಅಡಿಗೆ, ಸೈಡ್ ಪ್ಯಾನೆಲ್ ಸಂದಿಗೆ ಪ್ರೆಷರ್ ಗನ್ ಹಿಡಿಯಬೇಡಿರೆಂದು ನಿಂತು ಹೇಳಿ.

ಗ್ಯಾರೇಜಿನಲ್ಲಿ ಯಾವ ಭಾಗ ಬದಲಿಸಬೇಕೆಂದರೂ ಮೊದಲು ಕೋಡ್ ಮತ್ತು ಅಳತೆಗಳನ್ನು ಜಾಬ್ ಕಾರ್ಡಿನಲ್ಲಿ ಬರೆಸಿ, ಹಳೆಯ ಭಾಗವನ್ನು ವಾಪಸು ಕೊಡಬೇಕೆಂದು ಮುಂಚೆಯೇ ತಿಳಿಸಿ, ಬಿಲ್ ಪಡೆಯಿರಿ. ಬಿಲ್ ಇದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಹೇಳಬಹುದು, ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು; ನೀವು ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಅಲ್ಲಿ ದೂರಿಗೆ ಶುಲ್ಕವಿಲ್ಲ. ನನ್ನ ಬಳಿ ಪಂಪಿನ ಬಿಲ್ ಇದೆ, ಎರಡನೆಯ ಮೆಕ್ಯಾನಿಕ್ ಬರೆದುಕೊಟ್ಟ ಟಿಪ್ಪಣಿಯೂ ಇದೆ. ಅವೆರಡನ್ನೂ ಲಗತ್ತಿಸಿ ದೂರು ಸಿದ್ಧಪಡಿಸುತ್ತಿದ್ದೇನೆ.