ಹಾಸನದಲ್ಲಿ ಆಟೋಮ್ಯಾಟಿಕ್ ಕಾರು ಇಟ್ಟುಕೊಂಡವರು ಓದಿ: ಆಯಿಲ್ ಪ್ರೆಶರ್ ನೋಡದೆ ಗೇರ್‌ಬಾಕ್ಸ್ ಇಳಿಸೋಕೆ ಬಿಡಬೇಡಿ

"ಬಾಕ್ಸ್ ಹೋಗಿದೆ ಸಾರ್, ಓವರ್‌ಹಾಲ್ ಬಿಟ್ರೆ ಬೇರೆ ದಾರಿ ಇಲ್ಲ." ಗ್ಯಾರೇಜಿನವರ ಈ ಒಂದು ಮಾತಿಗೆ 1,35,000 ರೂಪಾಯಿ ಎಸ್ಟಿಮೇಟ್, ಅದರಲ್ಲಿ 25,000 ಅಡ್ವಾನ್ಸ್. ಪ್ರೆಶರ್ ಗೇಜ್ ಹಾಕಿಲ್ಲ, ಆಯಿಲ್ ಲೆವೆಲ್ ನೋಡಿಲ್ಲ. ಸ್ಕ್ಯಾನರ್ ಚುಚ್ಚಿದರು, ಪಿ0700 ಅಂತ ಬಂತು, ತೀರ್ಪು ಕೊಟ್ಟುಬಿಟ್ಟರು. ಪಿ0700 ಅಂದ್ರೆ ಏನು? ಗೇರ್‌ಬಾಕ್ಸ್ ಕಂಪ್ಯೂಟರಿನಲ್ಲಿ ಯಾವುದೋ ಕೋಡ್ ಇದೆ, ಒಳಗೆ ಹೋಗಿ ಓದಿಕೊಳ್ಳಿ ಅಂತ, ಅಷ್ಟೇ. ಆ ಒಳಗಿನ ಕೋಡನ್ನು ಓದೋ ಸ್ಕ್ಯಾನರ್ರೇ ಅವರ ಹತ್ತಿರ ಇರಲಿಲ್ಲ!

ಕಾರು ನಮ್ಮ ಭಾವನದು. ಆರು ಸ್ಪೀಡಿನ ಟಾರ್ಕ್ ಕನ್ವರ್ಟರ್ ಬಾಕ್ಸ್, ಅಂದ್ರೆ ಇಂಜಿನ್ ಬಲ ಆಯಿಲ್ ಮೂಲಕ ಗೇರಿಗೆ ಹೋಗೋ ಥರದ್ದು. ಎಎಂಟಿ, ಸಿವಿಟಿ ಅನ್ನೋ ಬೇರೆ ಬಗೆಯ ಆಟೋಮ್ಯಾಟಿಕ್ ಅಲ್ಲ, ಅವುಗಳ ಲೆಕ್ಕ ಬೇರೆ. ಇದೇ ಗ್ಯಾರೇಜಲ್ಲಿ ಎಟಿಎಫ್ (ಆಟೋಮ್ಯಾಟಿಕ್ ಬಾಕ್ಸಿನ ಆಯಿಲ್) ಬದಲಾಯಿಸಿದ್ದರು. ಆಮೇಲೆ ಗುಂಡ್ಯದಿಂದ ಮಾರನಹಳ್ಳಿ ಕಡೆ ಶಿರಾಡಿ ಘಾಟಿ ಹತ್ತುವಾಗ ಗೇರ್ ಎರಡರಿಂದ ಮೂರಕ್ಕೆ ಬೀಳೋ ಹೊತ್ತಲ್ಲಿ ಆರ್‌ಪಿಎಂ ಮೇಲಕ್ಕೆ ಹಾರುತ್ತೆ, ಗಾಡಿ ಎಳೆಯಲ್ಲ. ನಿಲ್ಲಿಸಿ ಲಿವರನ್ನು ಎನ್‌ (ನ್ಯೂಟ್ರಲ್) ನಿಂದ ಡಿ (ಡ್ರೈವ್) ಗೆ ಹಾಕಿದರೆ ಮೂರು ಸೆಕೆಂಡ್ ಸುಮ್ಮನಿದ್ದು ದಡ್ ಅಂತ ಹಿಡಿಯುತ್ತೆ. ಬಿ.ಎಂ. ರಸ್ತೆಯ ಸಪಾಟಲ್ಲಿ ಏನೂ ಇಲ್ಲ.

ಆಯಿಲ್ ಬದಲಾದ ಮೇಲೆ ಶುರುವಾದ ಕಂಪ್ಲೇಂಟ್, ಅದೂ ಘಾಟಿಯಲ್ಲಿ ಮಾತ್ರ. ಬಾಕ್ಸ್ ಕೆಲಸ ಗೊತ್ತಿರೋ ಯಾರೇ ಆದರೂ ಮೊದಲು ಲೆವೆಲ್ ನೋಡ್ತಾರೆ. ಕೇಳಿದ್ದಕ್ಕೆ ಬಂದ ಉತ್ತರ: "ಹೊಸ ಆಯಿಲ್ ಹಾಕಿದ್ಮೇಲೆ ಹಳೇ ರೋಗ ಎಲ್ಲಾ ಈಚೆಗೆ ಬರುತ್ತೆ ಸಾರ್. ನಾವೇನ್ ಮಾಡೋಕಾಗುತ್ತೆ?"

ಆಯಿಲ್ ಬದಲಾಯಿಸಿದಾಗ ಏನು ಮಾಡಿದ್ದರು ಅಂತ ಅಲ್ಲಿನ ಹುಡುಗನೇ ಬಾಯಿಬಿಟ್ಟ. ಟ್ರಯಲ್ ಹೋಗಿ ಬಂದ ಬಿಸಿ ಗಾಡಿ, ಇಂಜಿನ್ ಆಫ್ ಮಾಡಿ, ಲೆವೆಲ್ ನೋಡೋ ಚೆಕ್ ಪ್ಲಗ್ ಬಿಚ್ಚಿದ್ದಾರೆ. "ಜಾಸ್ತಿ ಇತ್ತು ಸಾರ್, ಸುರಿದುಹೋಯ್ತು" ಅಂದ. ಸುರಿಯದೆ ಇನ್ನೇನಾಗುತ್ತೆ? ಡಿಪ್‌ಸ್ಟಿಕ್ (ಆಯಿಲ್ ಅಳೆಯೋ ಕಡ್ಡಿ) ಇಲ್ಲದ ಬಾಕ್ಸಲ್ಲಿ ಗಾಡಿ ಲೆವೆಲ್ಲಾಗಿ ನಿಂತಿರಬೇಕು, ಇಂಜಿನ್ ಓಡ್ತಾ ಇರಬೇಕು, ಲಿವರನ್ನು ಪಿ (ಪಾರ್ಕ್) ಯಿಂದ ಡಿವರೆಗೆ ಒಂದೊಂದು ಕಡೆ ಎರಡು ಮೂರು ಸೆಕೆಂಡ್ ನಿಲ್ಲಿಸಿ ವಾಪಸ್ ತರಬೇಕು. ಆಯಿಲ್ ಎಷ್ಟು ಬಿಸಿ ಇದೆ ಅಂತ ಸ್ಕ್ಯಾನರಲ್ಲಿ ನೋಡಿಕೊಂಡು ಆಮೇಲೆ ಪ್ಲಗ್ ಬಿಚ್ಚಬೇಕು. ಕೆಲವು ಕಾರಿಗೆ 35ರಿಂದ 45 ಡಿಗ್ರಿ, ಕೆಲವಕ್ಕೆ 50ರಿಂದ 60, ಆಯಾ ಮ್ಯಾನುಯಲ್ಲಲ್ಲಿ ಇರುತ್ತೆ. ಧಾರೆ ನಿಂತು ತೊಟ್ಟಿಕ್ಕೋಕೆ ಶುರುವಾದಾಗ ಪ್ಲಗ್ ಹಾಕಬೇಕು. ಇಂಜಿನ್ ಆಫ್ ಇದ್ದಾಗ ಪಂಪ್ ಎತ್ತಿಟ್ಟ ಆಯಿಲ್ ಚೇಂಬರಿಗೆ (ಬಾಕ್ಸಿನ ತಳದ ಆಯಿಲ್ ತಟ್ಟೆಗೆ) ಇಳಿದಿರುತ್ತೆ, ಲೆವೆಲ್ ಜಾಸ್ತಿ ಕಾಣುತ್ತೆ. ಬಿಸಿ ಆಯಿಲ್ ಹಿಗ್ಗಿ ಇನ್ನೂ ಮೇಲಿರುತ್ತೆ. ಎರಡೂ ಸೇರಿ ಒಳಗಿರಬೇಕಾದ್ದು ನೆಲಕ್ಕೆ ಹೋಯ್ತು.

ಕಮ್ಮಿ ಆಯಿಲಲ್ಲಿ ಘಾಟಿ ಹತ್ತಿದರೆ ಚೇಂಬರಲ್ಲಿರೋದು ಒಂದು ಕಡೆ ಸರಿದು ಸ್ಟ್ರೈನರ್ (ಆಯಿಲ್ ಸೋಸೋ ಜಾಲರಿ) ಬಾಯಿ ಗಾಳಿ ಎಳೆಯುತ್ತೆ. ಗಾಳಿ ಸೇರಿದ ಆಯಿಲ್ ಅದುಮಿದರೆ ಅದುಮಿಕೊಳ್ಳುತ್ತೆ, ಪ್ರೆಶರ್ ನಿಲ್ಲಲ್ಲ, ಆ ಪ್ರೆಶರಲ್ಲೇ ಕಚ್ಚೋ ಬಾಕ್ಸ್ ಒಳಗಿನ ಕ್ಲಚ್ ಪ್ಲೇಟು ಪೂರ್ತಿ ಕಚ್ಚಲ್ಲ. ಹಾಗೇ ಓಡಿಸುತ್ತಾ ಹೋದರೆ ಪ್ಲೇಟು ಸುಟ್ಟು, ಬಾಕ್ಸ್ ಆಗ ನಿಜವಾಗ್ಲೂ ಹೋಗುತ್ತೆ.

ಅದನ್ನ ಬಿಟ್ಟು ಇವರು ಮಾಡಿದ್ದೇನು? ಚೇಂಬರಿನ ಮ್ಯಾಗ್ನೆಟ್ ತಂದು ಭಾವನ ಮುಖಕ್ಕೆ ಹಿಡಿದು "ನೋಡಿ, ಕಬ್ಬಿಣ ಎಲ್ಲಾ ಪುಡಿಯಾಗಿದೆ" ಅಂದರು. ಅದು ಬೂದು ಬಣ್ಣದ ನುಣ್ಣನೆ ಪೇಸ್ಟು. ಓಡಿದ ಪ್ರತಿ ಬಾಕ್ಸಲ್ಲೂ ಇರುತ್ತೆ, ಮ್ಯಾಗ್ನೆಟ್ ಇಟ್ಟಿರೋದೇ ಅದಕ್ಕೆ. ಹೆದರಬೇಕಾದದ್ದು ಬೆರಳಿಗೆ ಚುಚ್ಚೋ ಹೊಳೆಯೋ ಚೂರು ಸಿಕ್ಕಿದರೆ. ಹಿತ್ತಾಳೆ ಬಣ್ಣದ ಚೂರಾದರೆ ಬುಷ್ ಅಥವಾ ವಾಷರ್. ಕಪ್ಪು ಹೊಟ್ಟು, ಸುಟ್ಟ ವಾಸನೆ ಇದ್ದರೆ ಕ್ಲಚ್ ಪ್ಲೇಟು. ಆಯಿಲ್ ಸ್ಟ್ರಾಬೆರಿ ಮಿಲ್ಕ್‌ಶೇಕ್ ಥರ ಇದ್ದರೆ ರೇಡಿಯೇಟರ್ ನೀರು ಸೇರಿದೆ. ಇಲ್ಲಿ ಇದ್ಯಾವುದೂ ಇರಲಿಲ್ಲ, ಆಯಿಲ್ ಕೆಂಪಗೇ ಇತ್ತು.

"ಪ್ರೆಶರ್ ಗೇಜ್ ಹಾಕಿ ನೋಡಿದ್ರಾ?" ಅಂದೆ.

"ಗೇಜಾ? ಅದೆಲ್ಲ ಕಂಪನಿಯವರು ಮಾಡೋದು ಸಾರ್. ನಮಗೆ ಎಕ್ಸ್‌ಪೀರಿಯನ್ಸ್ ಇದೆ, ಸೌಂಡಲ್ಲೇ ಗೊತ್ತಾಗುತ್ತೆ."

ಸೌಂಡಲ್ಲೇ! ಈ ಗೇಜಿಗೆ ಬೇಕಾದ್ದು ಒಂದು ಅಡಾಪ್ಟರ್, ಒಂದು ಹೋಸು. ಬಹಳಷ್ಟು ಬಾಕ್ಸಲ್ಲಿ ಕೇಸಿನ ಮೇಲೆ ಅದಕ್ಕಂತಲೇ ಪ್ಲಗ್ ಇರುತ್ತೆ. ಆಯಿಲ್ ಬಿಸಿ ಇದ್ದಾಗ ಡಿ ಮತ್ತು ಆರ್ (ರಿವರ್ಸ್) ಎರಡರಲ್ಲೂ ಓದಿ. ಎಲ್ಲಾ ಗೇರಲ್ಲೂ ಪ್ರೆಶರ್ ಕಮ್ಮಿ ಅಂದ್ರೆ ಲೆವೆಲ್, ಸ್ಟ್ರೈನರ್, ಪಂಪ್, ರೆಗ್ಯುಲೇಟರ್ ವಾಲ್ವ್, ಇಲ್ಲಾ ಅದನ್ನ ಕರೆಂಟಲ್ಲಿ ಆಡಿಸೋ ಸೊಲೆನಾಯ್ಡ್. ಡಿಯಲ್ಲಿ ಮಾತ್ರ ಕಮ್ಮಿ ಅಂದ್ರೆ ಫಾರ್ವರ್ಡ್ ಕ್ಲಚ್ ಕಡೆ ಸೀಲ್ ಸೋರುತ್ತಿದೆ. ಆರ್‌ನಲ್ಲಿ ಮಾತ್ರ ಅಂದ್ರೆ ರಿವರ್ಸ್ ಕಡೆಯ ಸೀಲು. ಪ್ರೆಶರ್ ಸರಿಯಾಗಿದ್ದೂ ಜಾರುತ್ತಿದೆ ಅಂದ್ರೆ ಆಗ ಮೆಕ್ಯಾನಿಕಲ್: ಪ್ಲೇಟು ಸವೆದಿದೆ, ಬಾಕ್ಸ್ ಇಳಿಸೋ ಮಾತು ಆಗ ಆಡಿ. ವಾಲ್ವ್ ಬಾಡಿ (ಆಯಿಲನ್ನು ಬೇಕಾದ ಕ್ಲಚ್ಚಿಗೆ ಕಳಿಸೋ ವಾಲ್ವ್‌ಗಳ ಬ್ಲಾಕು) ಬಿಚ್ಚಿದ ಮೇಲೂ ಕ್ಲಚ್ಚಿನ ಆಯಿಲ್ ಪ್ಯಾಸೇಜಿಗೆ ಮೂರು ನಾಲ್ಕು ಬಾರ್ ಒಣ ಗಾಳಿ ಬಿಟ್ಟರೆ ಗೊತ್ತಾಗುತ್ತೆ, ಪಿಸ್ಟನ್ ಟಕ್ ಅಂದರೆ ಸರಿ, ಬರೀ ಬುಸ್ ಅಂದರೆ ಸೀಲ್ ಹೋಗಿದೆ.

ಸ್ಟಾಲ್ ಟೆಸ್ಟ್ ಮಾಡ್ತೀವಿ ಅಂತ ಕೆಲವರು ಹೊರಡ್ತಾರೆ. ಚಕ್ರಕ್ಕೆ ಅಡ್ಡ ಇಟ್ಟು, ಬ್ರೇಕ್ ಒತ್ತಿ ಹಿಡಿದು ಡಿಯಲ್ಲಿ ಫುಲ್ ರೇಸ್, 5 ಸೆಕೆಂಡ್ ಮೀರಬಾರದು, ಗಾಡಿ ಮುಂದೆ ಯಾರೂ ನಿಲ್ಲಬಾರದು. ಆರ್‌ಪಿಎಂ ಮ್ಯಾನುಯಲ್ಲಲ್ಲಿರೋದಕ್ಕಿಂತ ಜಾಸ್ತಿ ಹೋದರೆ ಒಳಗೆ ಜಾರುತ್ತಿದೆ, ತೀರಾ ಕಮ್ಮಿ ಬಂದರೆ ಇಂಜಿನ್ ಸೋತಿದೆ ಅಥವಾ ಟಾರ್ಕ್ ಕನ್ವರ್ಟರ್ ಒಳಗಿನ ಸ್ಟೇಟರ್ ಅನ್ನೋ ಚಕ್ರ ಹಿಡಿಯುತ್ತಿಲ್ಲ. ಈಗಾಗಲೇ ಜಾರ್ತಾ ಇರೋ ಬಾಕ್ಸಿಗೆ ಇದನ್ನ ಮಾಡಿಸಲೇಬೇಡಿ. ಅದರ ಬದಲು ಸ್ಕ್ಯಾನರಲ್ಲಿ ಟರ್ಬೈನ್ ಸ್ಪೀಡ್ (ಕನ್ವರ್ಟರಿಂದ ಬಾಕ್ಸಿಗೆ ಹೋಗೋ ಶಾಫ್ಟಿನ ಸ್ಪೀಡ್) ನೋಡಿ. ಬ್ರೇಕ್ ಒತ್ತಿ ಡಿಗೆ ಹಾಕಿದಾಗ ಅದು ಸೊನ್ನೆಗೆ ಇಳಿಯಬೇಕು. ತಿರುಗ್ತಾನೇ ಇದ್ದರೆ ಕ್ಲಚ್ ಹಿಡಿದಿಲ್ಲ ಅಂತ.

ಇನ್ನೊಂದು, 60-80 ಸ್ಪೀಡಲ್ಲಿ ಹಗುರ ರೇಸಲ್ಲಿ ಗಾಡಿ ನಡುಗಿದರೆ ಅದಕ್ಕೂ "ಬಾಕ್ಸ್ ಹೋಗಿದೆ" ಅಂತಾರೆ. ರೇಸ್ ಹಾಗೇ ಇಟ್ಟು ಎಡಗಾಲಲ್ಲಿ ಬ್ರೇಕ್ ಲೈಟ್ ಹತ್ತುವಷ್ಟೇ ಮುಟ್ಟಿ. ಇಂಜಿನ್ನನ್ನೂ ಬಾಕ್ಸನ್ನೂ ನೇರ ಕಚ್ಚಿಸೋ ಕನ್ವರ್ಟರಿನ ಲಾಕಪ್ ಕ್ಲಚ್ ಬಿಟ್ಟುಕೊಳ್ಳುತ್ತೆ. ನಡುಕ ಆಗ ನಿಂತರೆ ಲಾಕಪ್ ಕ್ಲಚ್ಚೋ ಆಯಿಲ್ಲೋ, ನಿಲ್ಲದಿದ್ದರೆ ಮೊದಲು ಇಂಜಿನ್ನಿನ ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್, ಮೌಂಟಿಂಗ್ ನೋಡಿಸಿ. ಈ ಟೆಸ್ಟ್ ರಸ್ತೆ ಖಾಲಿ ಇದ್ದಾಗ ಮಾತ್ರ.

ಮೋಸ ಅಂತ ಖಾತ್ರಿ ಆಗಿದ್ದು ಲಿಫ್ಟ್ ಕೆಳಗೆ ನಿಂತಾಗ. "ಇಳಿಸಿ ಬಿಚ್ಚಿ ನೋಡಿದ್ವಿ ಸಾರ್, ಪ್ಲೇಟ್ ಎಲ್ಲಾ ಸುಟ್ಟೋಗಿದೆ, ವಾಪಸ್ ಕೂರಿಸಿದೀವಿ" ಅಂತಲೂ ಅಂದಿದ್ದರು. ಆದರೆ ಬಾಕ್ಸನ್ನು ಇಂಜಿನ್ನಿಗೆ ಕೂಡಿಸೋ ಬೆಲ್‌ಹೌಸಿಂಗ್ ಬೋಲ್ಟುಗಳ ಸುತ್ತ ಸಕಲೇಶಪುರದ ತೋಟದ ಕೆಂಪು ಮಣ್ಣು ಒಣಗಿ ಗಟ್ಟಿಯಾಗಿ ಕೂತಿತ್ತು, ಒಂದು ಸ್ಪ್ಯಾನರ್ ಗೀರಿಲ್ಲ. ಬಿಚ್ಚಿದ್ದು ಚೇಂಬರ್ ಒಂದೇ. ತೋರಿಸಿದೆ. ಮಾಲೀಕ ಬೋಲ್ಟು ನೋಡಿದ, ಹುಡುಗನ್ನ ನೋಡಿದ, "ನಮ್ಮದು ಬೇರೆ ಮೆಥಡ್ ಸಾರ್" ಅಂದ. ಬಾಕ್ಸ್ ಇಳಿಸದೆ ಪ್ಲೇಟ್ ನೋಡೋ ಮೆಥಡ್! ಭಾವ ತಲೆ ತಗ್ಗಿಸಿ ನಿಂತಿದ್ದರು, ನೋಡೋಕಾಗಲಿಲ್ಲ.

ಗಾಡಿ ಅಲ್ಲಿಂದ ತಂದಿದ್ದು ಫ್ಲಾಟ್‌ಬೆಡ್ ಲಾರಿ ಮೇಲೆ. "ಹಗ್ಗ ಕಟ್ಟಿ ಎಳ್ಕೊಂಡೋಗಿ" ಅಂತ ಬಿಟ್ಟಿ ಸಲಹೆ ಬೇರೆ ಕೊಟ್ಟರು. ಇಂಜಿನ್ ಓಡದೆ ಪಂಪ್ ಓಡಲ್ಲ, ಚಕ್ರ ಮಾತ್ರ ತಿರುಗಿದರೆ ಒಳಗೆಲ್ಲ ಒಣಗಿ ಉಜ್ಜುತ್ತೆ. ಬೇರೆ ಮೆಕ್ಯಾನಿಕ್ ಹತ್ತಿರ ಲೆವೆಲ್ ಸರಿ ಮಾಡೋ ಮೊದಲೇ ಬೇಕಂತಲೇ ಗೇಜ್ ಹಾಕಿಸಿದ್ದು, ಸಾಕ್ಷಿ ಇರಲಿ ಅಂತ. ಮುಳ್ಳು ನಡುಗುತ್ತಾ ಕೆಳಗೇ ಇತ್ತು, ಗಾಳಿ ಎಳೆಯೋ ಲಕ್ಷಣ ಅದು. ಸರಿಯಾದ ಗ್ರೇಡಿನ ಆಯಿಲ್ 1.3 ಲೀಟರ್ ಹಿಡಿಯಿತು. ಮುಳ್ಳು ಮೇಲೇರಿ ಅಲುಗದೆ ನಿಂತಿತು. ಡಿಗೆ ಹಾಕಿದರೆ ಒಂದು ಸೆಕೆಂಡಲ್ಲಿ ಹಿಡಿಯುತ್ತೆ, ಶಿರಾಡಿಯಲ್ಲೂ ಜಾರಿಲ್ಲ.

ಯಾರಾದರೂ ಓವರ್‌ಹಾಲ್ ಅಂದರೆ ಮೂರು ಕೇಳಿ: ಒಳಗಿನ ಕೋಡ್ ಯಾವುದು, ಲೆವೆಲ್ ಎಷ್ಟು ಡಿಗ್ರಿಯಲ್ಲಿ ನೋಡಿದ್ರಿ, ಡಿ ಮತ್ತು ಆರ್‌ನಲ್ಲಿ ಪ್ರೆಶರ್ ಎಷ್ಟು. ಉತ್ತರ ಇಲ್ಲದಿದ್ದರೆ ಕೀ ವಾಪಸ್ ಇಸ್ಕೊಳ್ಳಿ.

ಅಡ್ವಾನ್ಸಲ್ಲಿ 17,000 ಮಾತ್ರ ವಾಪಸ್ ಕೊಟ್ಟರು, 8,000 "ಬಿಚ್ಚಿದ ಚಾರ್ಜು" ಅಂತೆ. ಅದಕ್ಕೆ ಬಿಲ್ ಕೊಡಿ ಅಂದರೆ, "ಬಿಲ್ ಬೇಕಂದ್ರೆ ಜಿಎಸ್‌ಟಿ ಸೇರುತ್ತೆ ಸಾರ್, ಇನ್ನೂ ಕಮ್ಮಿ ಬರುತ್ತೆ ನಿಮಗೆ" ಅಂದರು.