ದೊಡ್ಡಮ್ಮನ ನಿಲಯ, ಬಿಸಿಎಂ ಹಾಸ್ಟೆಲ್, 'ಓದುವವರ ಫ್ಲೋರ್': ಮೂರರಲ್ಲೂ ಇದ್ದು ನೋಡಿದ್ದು

ತಂಗಿಯ ಪಿಯುಸಿ ಮುಗಿಯಿತು. ಯಾವ ಕಾಲೇಜು ಅಂತ ಇನ್ನೂ ಗೊತ್ತಿಲ್ಲ, ಆದರೆ ಎಲ್ಲಿ ಉಳಿಯಬೇಕು ಅನ್ನುವುದು ಅವಳಿಗೆ ಆಗಲೇ ಗೊತ್ತು. ರೀಲ್ಸ್‌ನಲ್ಲಿ ನೋಡಿದ್ದಾಳೆ. ಹಳದಿ ಬೀನ್ ಬ್ಯಾಗು, ಗೋಡೆಗೆ ದೀಪದ ಸರ, ಒಂದು 'ಮ್ಯೂಸಿಕ್ ಫ್ಲೋರ್', ಒಂದು 'ಫಿಟ್‌ನೆಸ್ ಫ್ಲೋರ್'. "ಅಕ್ಕ, ಇದ್ರಲ್ಲಿ ಒಂದು ಬೆಡ್ ಬುಕ್ ಮಾಡಿಬಿಡೋಣ್ವಾ?" ಅಂತ ಲಿಂಕ್ ಕಳಿಸಿದಳು.

ಅಂಥದ್ದೇ ಒಂದು ಕೋ-ಲಿವಿಂಗ್‌ನಲ್ಲಿ, ಅಂದರೆ ಬೆಡ್ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಖಾಸಗಿ ಹಾಸ್ಟೆಲಲ್ಲಿ, ಐದು ತಿಂಗಳು ಇದ್ದು, ಅಡ್ವಾನ್ಸಿನಲ್ಲಿ 6,500 ಕಳೆದುಕೊಂಡು ಹೊರಗೆ ಬಂದವಳು ನಾನು. ಅದಕ್ಕೆ ಮೊದಲು ಮೈಸೂರಲ್ಲಿ ಒಂದು ವರ್ಷ ಬಿಸಿಎಂ ಹಾಸ್ಟೆಲ್ (ಹಿಂದುಳಿದ ವರ್ಗದ ಮಕ್ಕಳಿಗೆ ಸರ್ಕಾರ ನಡೆಸುವುದು), ಎರಡು ವರ್ಷ ಒಂದು ಟ್ರಸ್ಟಿನ ಹೆಣ್ಣುಮಕ್ಕಳ ನಿಲಯ. ನಿಲಯವೇ ಚೆನ್ನಾಗಿತ್ತು ಅಂತ ಈಗಲೇ ಹೇಳಿಬಿಡುತ್ತೇನೆ. ಕೊನೆವರೆಗೆ ಓದಿಸಿ ಆಮೇಲೆ ಹೇಳುವ ಸಸ್ಪೆನ್ಸ್ ಏನೂ ಇಲ್ಲ.

ಬಿಸಿಎಂ ಹಾಸ್ಟೆಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಯಾಕೆಂದರೆ ದೂರು ಹೇಳುವಂಥದ್ದು ಏನೂ ಆಗಲಿಲ್ಲ. ಬಾಡಿಗೆ ಇಲ್ಲ, ಊಟಕ್ಕೆ ದುಡ್ಡಿಲ್ಲ, ಬೆರಳು ಒತ್ತಿ ಹಾಜರಿ ಹಾಕಿದರೆ ಆಯ್ತು. ಹತ್ತಾರು ಊರಿನ ಹುಡುಗಿಯರು. ಸಂಜೆ ಅವರವರ ತಟ್ಟೆ, ಅವರವರ ಮಂಚ. ನನ್ನ ಕಷ್ಟ ದೂರದ್ದು ಮಾತ್ರ. ಮಹಾರಾಣಿ ಕಾಲೇಜಿಗೆ ಎರಡು ಬಸ್ ಹಿಡಿಯಬೇಕಿತ್ತು, ಪ್ರಾಕ್ಟಿಕಲ್ ಇದ್ದ ದಿನ ವಾಪಸ್ ಬರುವ ಹೊತ್ತಿಗೆ ಸುಸ್ತು. ಅಲ್ಲಿ ಸೀಟು ಸಿಗದವರಿಗೆ ವಿದ್ಯಾಸಿರಿ ಇದೆ, ಊಟ-ವಸತಿಗೆ ಸರ್ಕಾರ ಕೊಡುವ ಹಣ. ನನ್ನ ಗೆಳತಿಗೆ ತಿಂಗಳಿಗೆ 1,500ರಂತೆ ವರ್ಷಕ್ಕೆ 10 ತಿಂಗಳು ಬರುತ್ತಿತ್ತು. ತಂಗಿ, ನೀನು ಎಲ್ಲಿಗೆ ಸೇರಿದರೂ ಮೊದಲು ಬಿಸಿಎಂಗೆ ಅರ್ಜಿ ಹಾಕಿಡು.

ಎರಡನೇ ವರ್ಷ ಸೇರಿದ್ದು ನಿಲಯಕ್ಕೆ. ಕಾಲೇಜಿಗೆ ಕಾಲುಗಂಟೆ ನಡಿಗೆ. ಊಟ ಸೇರಿ ತಿಂಗಳಿಗೆ 2,200. ವಾರ್ಡನ್‌ಗೆ ಎಲ್ಲರೂ ದೊಡ್ಡಮ್ಮ ಅಂತಲೇ ಕರೆಯುವುದು. ಬೋರ್ಡಿನ ಮೇಲೆ 'ಸ್ವಾವಲಂಬನೆ' ಅಂತ ಬರೆದಿತ್ತು. ನಾನು ಅದನ್ನು ಸುಮ್ನೆ ಬೋರ್ಡು ಅಂದುಕೊಂಡಿದ್ದೆ. ಎಂಟನೇ ದಿನಕ್ಕೆ ಅರ್ಥ ಆಯ್ತು. 48 ಹುಡುಗಿಯರು, ಆರಾರು ಜನರ ಎಂಟು ತಂಡ, ಎಂಟು ದಿನಕ್ಕೊಮ್ಮೆ ಅಡುಗೆ ಪಾಳಿ. ಪಾಳಿಯ ದಿನ ನಾಲ್ಕೂಮುಕ್ಕಾಲಿಗೆ ಏಳಬೇಕು.

48 ಜನಕ್ಕೆ ಮುದ್ದೆ ಅಂದರೆ ಏನು ಅಂತ ನೋಡಿದವರಿಗೇ ಗೊತ್ತು. ಇಬ್ಬರು ಕವೆಗೋಲು ಹಿಡಿದು ಪಾತ್ರೆ ಅಲುಗದಂತೆ ಒತ್ತಿ ಹಿಡಿಯಬೇಕು, ಒಬ್ಬಳು ಕೋಲು ಹಾಕಿ ತೊಳಸಬೇಕು. ನನ್ನ ಮೊದಲ ಪಾಳಿಯಲ್ಲಿ ನೀರು ಸರಿಯಾಗಿ ಕುದಿಯುವ ಮೊದಲೇ ಹಿಟ್ಟು ಸುರಿದೆ. ಮುದ್ದೆ ತುಂಬಾ ಗಂಟು. ಹೆದರಿಕೊಂಡು ದೊಡ್ಡಮ್ಮನ ಹತ್ತಿರ ಹೋಗಿ ಹೇಳಿದರೆ, "ನಂಗ್ಯಾಕೆ ಹೇಳ್ತೀಯವ್ವ? ಗಂಟು ಗಂಟಲಿಗೇ ಗೊತ್ತಾಗುತ್ತೆ ಬಿಡು" ಅಂದರು. ಅವತ್ತು ಬಸ್ಸಾರು ಮಾಡಿದ್ದು ಕೊಳ್ಳೇಗಾಲದ ಒಬ್ಬ ಸೀನಿಯರ್ ಅಕ್ಕ. ಅವಳ ಸಾರಿನ ಪುಣ್ಯದಿಂದ ನನ್ನ ಮುದ್ದೆ ಖಾಲಿಯಾಯಿತು. ಮೂರು ತಿಂಗಳು ಮಾತಾಡದೆ ಇದ್ದ ರೂಮ್‌ಮೇಟ್ ಜೊತೆ ನಾನು ಮಾತಾಡಿದ್ದೂ ಒಂದು ಪಾಳಿಯ ದಿನವೇ, ಎದುರುಬದುರು ಕೂತು ಹುರುಳಿಕಾಯಿ ನಾರು ತೆಗೆಯುವಾಗ.

ಶನಿವಾರ ರಾತ್ರಿ ಊಟ ಆದ ಮೇಲೆ ಯಾರಾದರೂ ಒಬ್ಬರು ಗಟ್ಟಿಯಾಗಿ ಓದಬೇಕು. ಕಥೆ, ಪತ್ರಿಕೆ, ಏನಾದರೂ ಸರಿ. ಎರಡು ಕಬ್ಬಿಣದ ಬೀರು ತುಂಬಾ ಪುಸ್ತಕ, ಬೀಗದ ಕೈ ಆ ದಿನದ ಅಡುಗೆ ತಂಡದ ಹತ್ತಿರ.

ಈಗ ಅಲ್ಲಿಯ ಕಷ್ಟ. ಬೆಳಿಗ್ಗೆ 5:30ಕ್ಕೆ ಪ್ರಾರ್ಥನೆ, ಎದ್ದವರು ಮಲಗಿದವರು ಎಲ್ಲಾ ಒಂದೇ ಸಾಲಲ್ಲಿ. ಬಿಸಿನೀರು ಒಂದೇ ಹಂಡೆ. ಗೇಟಿಗೆ ರಾತ್ರಿ 7ಕ್ಕೆ ಬೀಗ. ಭಾನುವಾರ ಅರಮನೆಗೆ ದೀಪ ಹತ್ತುವುದೂ ಆ ಹೊತ್ತಿಗೇ. ಮೈಸೂರಲ್ಲಿ ಇದ್ದೂ ಅರಮನೆ ದೀಪ ನೋಡೋಕೆ ಆಗಲ್ಲ ಅಂದರೆ ಹೊಟ್ಟೆ ಉರಿಯುತ್ತೆ ಅಲ್ವಾ? ದಸರಾದಲ್ಲಿ ಒಂದು ದಿನ ಮಾತ್ರ ದೊಡ್ಡಮ್ಮನೇ ಎಲ್ಲರನ್ನೂ ಸಾಲಾಗಿ ನಡೆಸಿಕೊಂಡು ಹೋಗುತ್ತಿದ್ದರು, ಸ್ಕೂಲ್ ಮಕ್ಕಳ ಹಾಗೆ. ಯಾರಾದರೂ ಗೊಣಗಿದರೆ ಒಂದೇ ಕಥೆ ಹೇಳುತ್ತಿದ್ದರು. ಕುವೆಂಪು ಓದುವಾಗ ಸಂತೇಪೇಟೆಯ ಹೋಟೆಲ್ ರೂಮಿನಲ್ಲಿ ಒಬ್ಬರೇ ಇದ್ದು ಜ್ವರ ಬಿದ್ದರಂತೆ, ಸ್ವಾಮಿ ಸಿದ್ಧೇಶ್ವರಾನಂದರು ಅವರನ್ನು ರಾಮಕೃಷ್ಣ ಆಶ್ರಮಕ್ಕೆ ಕರೆದುಕೊಂಡು ಹೋದರಂತೆ. "ಅವರಿಗೇ ರೂಮು ಆಗಿಬರಲಿಲ್ಲ, ನಿಂಗೆ ಬೇಕಾ?" ಅನ್ನುವುದು ಕಥೆಯ ಕೊನೆ. ಎರಡು ವರ್ಷದಲ್ಲಿ ಕಡಿಮೆ ಅಂದರೂ ಮೂವತ್ತು ಸಲ ಕೇಳಿದ್ದೇನೆ.

ಎಂಎಸ್ಸಿಗೆ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಕ್ಯಾಂಪಸ್‌ಗೆ ಬಂದೆ. ನಾಗರಬಾವಿ ಕಡೆ ಒಂದು ಕೋ-ಲಿವಿಂಗ್. ಅಲ್ಲಿ ಫ್ಲೋರಿಗೊಂದು ಥೀಮ್, ಮೂರನೇ ಮಹಡಿ 'ಓದುವವರ ಫ್ಲೋರ್'. ಮೂರು ಜನರ ರೂಮಿಗೆ ತಲೆಗೆ 11,500, ಎರಡು ತಿಂಗಳ ಅಡ್ವಾನ್ಸ್ 23,000. ಆ ವರ್ಷ ತಿಪಟೂರಲ್ಲಿ ಕೊಬ್ಬರಿಗೆ ಒಳ್ಳೆ ರೇಟು ಸಿಕ್ಕಿತ್ತು, ಅಪ್ಪ ಮರುಮಾತಾಡದೆ ಕೊಟ್ಟರು. ಮತ್ತೆ ನಿಲಯದ ಹಾಗೇ ಹತ್ತು ಜನ ಓದುವವರ ನಡುವೆ ಇರಬಹುದು ಅನ್ನುವ ಆಸೆ ನನ್ನದು.

ಮೊದಲ ತಿಂಗಳು ನಿಜಕ್ಕೂ ಚೆನ್ನಾಗಿತ್ತು. ಎರಡನೇ ತಿಂಗಳು ನನ್ನ ರೂಮಿನ ಇಬ್ಬರೂ ಖಾಲಿ ಮಾಡಿದರು. ಆ ಬೆಡ್‌ಗಳಿಗೆ ಬಂದವರು ಅಮೆರಿಕದ ಶಿಫ್ಟಿನಲ್ಲಿ ಕೆಲಸ ಮಾಡುವ ಇಬ್ಬರು ಹುಡುಗಿಯರು. ಸಂಜೆ ನಾನು ಲ್ಯಾಬ್ ಮುಗಿಸಿ ಬಂದು ಪುಸ್ತಕ ತೆಗೆಯುವ ಹೊತ್ತಿಗೆ ಅವರ ಹೇರ್ ಡ್ರೈಯರ್ ಶುರು. ಬೆಳಗಿನ ಜಾವ 3:30ಕ್ಕೆ ಕ್ಯಾಬ್ ಇಳಿಸಿ ಹೋದರೆ ಲೈಟ್, ಬಾಗಿಲು, ಮ್ಯಾಗಿ. ಮೈಸೂರಿನ ಅಭ್ಯಾಸ ಬಿಟ್ಟಿರಲಿಲ್ಲವಲ್ಲ, ನಾನು ಐದಕ್ಕೆ ಎದ್ದು ಲೈಟ್ ಹಾಕಿದರೆ ಅವರು ಆಗ ತಾನೇ ಕಣ್ಣು ಮುಚ್ಚಿರುತ್ತಿದ್ದರು. ಅವರ ತಪ್ಪೇನೂ ಇಲ್ಲ, ಪಾಪ. ಅವರೂ ದುಡ್ಡು ಕೊಟ್ಟೇ ಬಂದವರು. ಹಾವೇರಿ ಕಡೆಯವಳೊಬ್ಬಳು ದಿನಾ "ಸಾರಿ ರೀ ಅಕ್ಕಾ" ಅನ್ನುತ್ತಿದ್ದಳು. ನಾನೂ ದಿನಾ ಸಾರಿ ಅನ್ನುತ್ತಿದ್ದೆ.

ಆ್ಯಪ್‌ನಲ್ಲಿ ದೂರು ಹಾಕಿದೆ. ಎರಡು ಗಂಟೆಯಲ್ಲಿ ಹಸಿರು ಟಿಕ್ ಬಂತು, 'ಬಗೆಹರಿದಿದೆ'. ಮತ್ತೆ ಹಾಕಿದೆ, ಮತ್ತೆ ಬಗೆಹರಿಯಿತು. ನಾಲ್ಕು ಸಲ ಬಗೆಹರಿದ ಮೇಲೆ ಕೆಳಗಿಳಿದು ಮ್ಯಾನೇಜರ್ ಹತ್ತಿರ ಹೋದೆ. ಓದುವವರ ಫ್ಲೋರ್ ಅಂದಿದ್ರಲ್ಲ ಸರ್ ಅಂದೆ. ಅವರು ಸಮಾಧಾನದಿಂದಲೇ ಹೇಳಿದರು: "ಥೀಮ್ ಅಂದ್ರೆ ಡೆಕೋರೇಷನ್ ಮೇಡಂ. ಬೆಡ್ ಖಾಲಿ ಬಿಡೋಕಾಗುತ್ತಾ? ಅಗ್ರಿಮೆಂಟ್ ನೋಡಿ." ನೋಡಿದೆ. 14 ಪುಟದಲ್ಲಿ ಥೀಮ್ ಅನ್ನುವ ಪದವೇ ಇಲ್ಲ.

ಡೆಕೋರೇಷನ್ ಅಂದರೆ ಕಾರಿಡಾರ್ ಗೋಡೆಯ ಉದ್ದಕ್ಕೂ ಬಣ್ಣದಲ್ಲಿ ಬರೆದ ಒಂದು ಪುಸ್ತಕದ ಕಪಾಟು. ಕೆಂಪು, ನೀಲಿ, ಹಸಿರು ಪುಸ್ತಕ, ಯಾವುದರ ಬೆನ್ನಿನ ಮೇಲೂ ಹೆಸರಿಲ್ಲ. ಇಡೀ ಫ್ಲೋರಿನಲ್ಲಿ ಕೈಗೆ ಸಿಗುವ ಒಂದೇ ಒಂದು ಪುಸ್ತಕ ಇರಲಿಲ್ಲ. ಸ್ಟಡಿ ಹಾಲ್ ಇತ್ತು, ಶುಕ್ರವಾರ ಅಲ್ಲಿ ಕರೋಕೆ. ಖಾಲಿ ಮಾಡುವಾಗ 'ಪೇಂಟಿಂಗ್ ಚಾರ್ಜ್' ಅಂತ 6,500 ಹಿಡಿದುಕೊಂಡರು. ನಾನು ಗೋಡೆಗೆ ಒಂದು ಮೊಳೆ ಕೂಡ ಹೊಡೆದಿರಲಿಲ್ಲ. ಬಹುಶಃ ಆ ಪುಸ್ತಕಗಳಿಗೆ ಇನ್ನೊಂದು ಕೋಟ್ ಕೊಡಿಸಿದೆ ಅಂತ ಕಾಣುತ್ತೆ.

ಸಿಟ್ಟಿಗೆ, ಈ ಥೀಮ್ ಅನ್ನುವುದು ಬಂದಿದ್ದಾದರೂ ಎಲ್ಲಿಂದ ಅಂತ ಹುಡುಕಿ ಓದಿದೆ. ಅಮೆರಿಕದ ಕ್ಯಾಂಪಸ್‌ಗಳಲ್ಲಿ ಇದು ಹಳೆಯ ಸಂಗತಿ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ 1927ರಲ್ಲಿ ಅಲೆಕ್ಸಾಂಡರ್ ಮೈಕಲ್‌ಜಾನ್ ಅನ್ನುವವರು ಒಂದು ಪ್ರಯೋಗ ಮಾಡಿದರು. ಆಡಮ್ಸ್ ಹಾಲ್ ಅನ್ನುವ ಹಾಸ್ಟೆಲಲ್ಲೇ ಹುಡುಗರ ವಾಸ, ಅಲ್ಲೇ ಮೇಷ್ಟರ ಕೋಣೆ, ಅಲ್ಲೇ ಪಾಠ. ಮೊದಲ ವರ್ಷ ಎಲ್ಲರೂ ಓದುವುದು ಪ್ರಾಚೀನ ಅಥೆನ್ಸ್, ಎರಡನೇ ವರ್ಷ ತಮ್ಮ ಕಾಲದ ಅಮೆರಿಕ. ಸೇರುವವರು ಕಡಿಮೆಯಾಗುತ್ತಾ ಬಂದು 1932ರಲ್ಲಿ ಮುಚ್ಚಿತು. ಮುಚ್ಚಿದರೂ ಪರವಾಗಿಲ್ಲ, ಅಲ್ಲಿದ್ದವರಿಗೆಲ್ಲ ಒಂದೇ ಕೆಲಸ ಇತ್ತು. ನಮ್ಮಲ್ಲೂ ಇದೆ. ಉಜಿರೆಯ ಸಿದ್ಧವನ ಗುರುಕುಲ 1940ರಿಂದ ನಡೆದಿದೆ, ಕಾಲೇಜು ಓದುವ ಹುಡುಗರು ಯೋಗ, ಕೃಷಿ ಅಂತ ಅಲ್ಲಿಯ ಕೆಲಸವನ್ನೂ ಮಾಡುತ್ತಾರೆ.

ಉಳಿದದ್ದು ಚುಟುಕಾಗಿ. ವೈಫೈ ಕೋ-ಲಿವಿಂಗ್‌ನಲ್ಲಿ ಜೋರು, ನಿಲಯದಲ್ಲಿ ಇಲ್ಲವೇ ಇಲ್ಲ. ವಾಷಿಂಗ್ ಮೆಷಿನ್ ಕೋ-ಲಿವಿಂಗ್‌ನಲ್ಲಿ ಮಾತ್ರ, ನಿಲಯದಲ್ಲಿ ಒಗೆಯುವ ಕಲ್ಲು. ಹುಷಾರಿಲ್ಲದಾಗ ಗಂಜಿ ನಿಲಯದಲ್ಲಿ ಕೇಳದೆ ಬರುತ್ತಿತ್ತು, ಕೋ-ಲಿವಿಂಗ್‌ನಲ್ಲಿ ಆರ್ಡರ್ ಮಾಡಿದೆ. ಮನೆಗೆ ಹೋಗಲು ರಜೆ ಚೀಟಿ ನಿಲಯದಲ್ಲಿ ಬೇಕು, ಅಪ್ಪನ ಫೋನೂ ಬೇಕು. ಕೋ-ಲಿವಿಂಗ್‌ನಲ್ಲಿ ನೀನು ನಾಲ್ಕು ದಿನ ಇಲ್ಲದಿದ್ದರೂ ಯಾರಿಗೂ ಗೊತ್ತಾಗಲ್ಲ. ಕೆಲವರಿಗೆ ಅದೇ ಬೇಕಿರುತ್ತೆ.

ರಾತ್ರಿ ಎರಡರವರೆಗೆ ಓದಿ ಒಂಬತ್ತಕ್ಕೆ ಏಳುವವರಾದರೆ ನಿಲಯದ ಗೇಟಿನ ಒಳಗೂ ಕಾಲಿಡಬೇಡಿ, ಒಂದು ವಾರಕ್ಕೆ ಅಳು ಬರುತ್ತೆ. ದುಡಿಯುವವರಿಗೆ, ಸಂಜೆ ಇಂಟರ್ನ್‌ಶಿಪ್ ಇರುವವರಿಗೆ ಕೋ-ಲಿವಿಂಗ್ ಸರಿ. ಆದರೆ ಫ್ಲೋರಿನ ಹೆಸರಿಗೆ ಒಂದು ಪೈಸೆ ಜಾಸ್ತಿ ಕೊಡಬೇಡಿ. ಕೊಡುವ ಮೊದಲು ಬೆಡ್ ಖಾಲಿಯಾದರೆ ಯಾರನ್ನು ತುಂಬುತ್ತೀರಿ ಅಂತ ಕೇಳಿ, ಉತ್ತರವನ್ನು ಅಗ್ರಿಮೆಂಟಿನಲ್ಲಿ ಬರೆಸಿಕೊಳ್ಳಿ. ನಾನು ಬೇಗ ಏಳುವವಳು, ಮುದ್ದೆ ತಿನ್ನುವವಳು, ಕೊಬ್ಬರಿ ರೇಟು ಬಿದ್ದ ವರ್ಷ ಅಪ್ಪನ ಹತ್ತಿರ 11,500 ಕೇಳಲು ಬಾಯಿ ಬರದವಳು. ನನಗೆ ನಿಲಯ.

ಈಗ ಮಲ್ಲತ್ತಹಳ್ಳಿಯಲ್ಲಿ ನಾವು ಮೂವರು ಒಂದು ಸಣ್ಣ ಮನೆ ಬಾಡಿಗೆ ಹಿಡಿದಿದ್ದೇವೆ. ಮೂವರೂ ನಿಲಯದವರೇ, ಅಡುಗೆಮನೆಯಲ್ಲಿ ಪಾಳಿ ಪಟ್ಟಿ ಅಂಟಿಸಿದ್ದೇವೆ. ಇವತ್ತು ನನ್ನದು. ಕೈ ಅಳತೆ ಇನ್ನೂ 48 ಜನರದ್ದೇ, ಹಿಟ್ಟು ಹಾಕಿದರೆ ಹತ್ತು ಮುದ್ದೆ ಆಗುತ್ತೆ, ನಾಳೆ ಬೆಳಿಗ್ಗೆ ಮಜ್ಜಿಗೆಗೆ ಹಾಕಿಕೊಂಡು ಕುಡಿಯುತ್ತೇವೆ. ತಂಗಿ ಬಿಸಿಎಂಗೆ ಅರ್ಜಿ ಹಾಕಿದ್ದಾಳಂತೆ. ನಿಲಯದ ನಂಬರನ್ನೂ ಕಳಿಸಿದ್ದೆ. ನಿನ್ನೆ ಫೋನ್ ಮಾಡಿ, "ಅಕ್ಕ, ಆ ದೊಡ್ಡಮ್ಮ ಒಂದೇ ಪ್ರಶ್ನೆ ಕೇಳಿದ್ರು ಕಣೇ, ಕಾಯಿ ತುರಿಯೋಕೆ ಬರುತ್ತಾ ಅಂತ" ಅಂದಳು.