‘ಚಳಿಗಾಲಕ್ಕೆ ಪೂರ್ತಿ ರೆಡಿ’ ಅಂತ ಇದ್ದ ಸೆಡಾನ್ ತಗೊಂಡು ನಾನು ಪೆದ್ದನಾದೆ, ನೀವು ಆಗಬೇಡಿ

ಇದನ್ನು ಬರೆಯುವುದಕ್ಕೇ ನಾಚಿಕೆಯಾಗುತ್ತಿದೆ. ಹತ್ತು ವರ್ಷದಿಂದ ಕಾರು ಓಡಿಸುತ್ತಿದ್ದೇನೆ, ಹಿಮದಲ್ಲೂ ಓಡಿಸಿದ್ದೇನೆ. ಸ್ನೇಹಿತರಿಗೆ ಗಾಡಿ ನೋಡಿಕೊಡಲು ನಾನೇ ಜೊತೆಗೆ ಹೋಗುತ್ತಿದ್ದೆ. ಅಂಥವನು ಹೀಗೆ ಮೋಸಹೋದೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ನಿನ್ನೆ ಅದೇ ಮನುಷ್ಯ ಇನ್ನೊಂದು ಸೆಡಾನ್ ಮಾರಾಟಕ್ಕೆ ಹಾಕಿದ್ದಾನೆ. ಅದೇ ಗ್ಯಾರೇಜ್ ಬಾಗಿಲ ಮುಂದೆ ತೆಗೆದ ಫೋಟೋ. ಅದೇ ಸಾಲು: ‘ಚಳಿಗಾಲಕ್ಕೆ ಪೂರ್ತಿ ರೆಡಿ’. ಓದಿ ಮೈಯೆಲ್ಲಾ ಉರಿಯಿತು.

ನಮಗೆ ಬೇಕಾಗಿದ್ದು ಮಧ್ಯಮ ಗಾತ್ರದ ಸೆಡಾನ್. ಎಸ್‌ಯುವಿ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆವು. ನಾಲ್ಕು ಜನಕ್ಕೆ ಜಾಗ, ದೊಡ್ಡ ಡಿಕ್ಕಿ, ಫ್ರಂಟ್ ವೀಲ್ ಡ್ರೈವ್, ಸಾಕು. ಜಾಹೀರಾತಿನಲ್ಲಿ ನಾಲ್ಕು ವಿಷಯ ದೊಡ್ಡದಾಗಿ ಬರೆದಿತ್ತು. ಹೊಸ ಬ್ಯಾಟರಿ. ವಿಂಟರ್ ಟಯರ್. ಎಂಜಿನ್ ಬಿಸಿ ಮಾಡುವ ಬ್ಲಾಕ್ ಹೀಟರ್. ತುಕ್ಕು ಹಿಡಿಯದ ಹಾಗೆ ಕೆಳಗೆಲ್ಲಾ ಕೋಟಿಂಗ್. ನಾಲ್ಕಕ್ಕೆ ನಾಲ್ಕೂ ಸುಳ್ಳು. ಅದು ಗೊತ್ತಾಗಿದ್ದು ಆಮೇಲೆ.

ಹೋದಾಗ ಗಾಡಿ ಫಳಫಳ ಹೊಳೆಯುತ್ತಿತ್ತು. ಅಭ್ಯಾಸಬಲದಿಂದ ಬಾನೆಟ್ ಮೇಲೆ ಕೈ ಇಟ್ಟೆ. ಬೆಚ್ಚಗಿತ್ತು. ಕೇಳಿಯೂ ಕೇಳಿದೆ, “ಈಗ ತಾನೇ ಓಡಿಸಿದ್ರಾ?”

“ಹೌದು ಸರ್, ನೀವು ಬರ್ತೀರಲ್ಲ ಅಂತ ತೊಳೆಸ್ಕೊಂಡು ಬಂದೆ. ಇಲ್ಲೇ ಮೂಲೆಯಲ್ಲೇ ಇದೆ ತೊಳೆಯೋ ಜಾಗ.”

ನಾನು ಏನು ಮಾಡಿದೆ ಗೊತ್ತಾ? ಖುಷಿಪಟ್ಟೆ! ಪಾಪ, ನಮಗೋಸ್ಕರ ತೊಳೆಸಿದ್ದಾನೆ, ಒಳ್ಳೆಯ ಮನುಷ್ಯ ಅಂದುಕೊಂಡೆ. “ಯಾಕ್ರೀ ತೊಂದರೆ ತಗೊಂಡ್ರಿ” ಅಂತ ಬೇರೆ ಅಂದೆ. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಚಳಿ ಊರಿನಲ್ಲಿ ಹಳೆ ಗಾಡಿ ನೋಡುವಾಗ ಮೊದಲು ನೋಡಬೇಕಾದದ್ದೇ ತಣ್ಣಗಿರುವ ಎಂಜಿನ್ ಹೇಗೆ ಸ್ಟಾರ್ಟ್ ಆಗುತ್ತದೆ ಅಂತ. ಬಿಸಿ ಎಂಜಿನ್‌ನಲ್ಲಿ ಸತ್ತ ಬ್ಯಾಟರಿಯೂ ಹುಲಿಯ ಹಾಗೆ ಕೆಲಸ ಮಾಡುತ್ತದೆ. ಹೀಟರ್‌ನಿಂದ ಬಿಸಿಗಾಳಿ ಬರುತ್ತದೆ. ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ.

ಇನ್ನು ಗಾಡಿಯ ಕೆಳಭಾಗ. ನೆಲ ಪೂರ್ತಿ ಕರಗಿದ ಹಿಮದ ಕೆಸರು. ನಾನು ಆಫೀಸಿಂದ ಸೀದಾ ಹೋಗಿದ್ದೆ, ಒಳ್ಳೆ ಪ್ಯಾಂಟ್ ಹಾಕಿದ್ದೆ. ಮಲಗಿ ನೋಡಲು ಮನಸ್ಸಾಗಲಿಲ್ಲ. ಸ್ವಲ್ಪ ಬಗ್ಗಿದೆ. ಅವನೇ ಮೊಬೈಲ್ ಟಾರ್ಚ್ ಹಾಕಿ ತೋರಿಸಿದ. “ನೋಡಿ ಸರ್, ಒಂದು ಚುಕ್ಕಿ ತುಕ್ಕಿಲ್ಲ.” ಎಲ್ಲಾ ಕಪ್ಪಗೆ, ನುಣ್ಣಗೆ ಮಿರಿಮಿರಿ ಮಿಂಚುತ್ತಿತ್ತು. ಅಷ್ಟು ಹಳೆಯ ಗಾಡಿ, ಹಿಮ ಕರಗಲಿ ಅಂತ ಉಪ್ಪು ಸುರಿದ ರಸ್ತೆಯಲ್ಲಿ ವರ್ಷಗಟ್ಟಲೆ ಓಡಿದ್ದು, ಕೆಳಗೆ ಹೊಸದರ ಹಾಗೆ ಹೇಗಿರುತ್ತದೆ? ಆ ಪ್ರಶ್ನೆ ನನ್ನ ತಲೆಗೆ ಬರಲೇ ಇಲ್ಲ. ಮನೆಯಲ್ಲಿ ಹೆಂಡತಿ ಕೇಳಿದಳು, “ಕೆಳಗೆ ಸರಿಯಾಗಿ ನೋಡಿದ್ರಾ?” “ಎಲ್ಲಾ ನೋಡಿದೆ” ಅಂದೆ.

ಮೊದಲ ಒಂದು ವಾರ ಏನೂ ಆಗಲಿಲ್ಲ. ಹೊರಗೆ 3, 4 ಡಿಗ್ರಿ ಇತ್ತು. ಗಾಡಿಯೊಳಗೆ ಬಿಸಿಗಾಳಿ ಕೊಡುವ ಹೀಟರ್ ಮಾತ್ರ ಹೆದ್ದಾರಿಗೆ ಹೋದ ತಕ್ಷಣ ಉಗುರುಬೆಚ್ಚಗಾಗುತ್ತಿತ್ತು. ಹಳೆ ಗಾಡಿ, ಇರಲಿ ಅಂತ ಬಿಟ್ಟೆ.

ಆಮೇಲೆ ಒಂದು ರಾತ್ರಿ ಮೈನಸ್ 17ಕ್ಕೆ ಇಳಿಯಿತು. ನಾನು ಬ್ಲಾಕ್ ಹೀಟರ್ ವೈರ್ ಎಳೆದು ಪ್ಲಗ್ ಹಾಕಿ, “ನೋಡು, ಇದಕ್ಕೇ ಇಂಥ ಗಾಡಿ ತಗೋಬೇಕು” ಅಂತ ಜಂಬದಿಂದ ಹೇಳಿ ಮಲಗಿದೆ. ಬೆಳಿಗ್ಗೆ ಕೀ ತಿರುಗಿಸಿದರೆ ಟಕ್ ಟಕ್ ಟಕ್. ಸೆಲ್ಫ್ ತಗೊಳ್ಳಲಿಲ್ಲ. ಪಕ್ಕದ ಮನೆಯವರು ಬಂದು ತಮ್ಮ ಗಾಡಿಯ ಬ್ಯಾಟರಿಯಿಂದ ಜಂಪ್ ಕೊಟ್ಟರು. ಎರಡೇ ದಿನದಲ್ಲಿ ಚೆಕ್ ಎಂಜಿನ್ ಲೈಟ್ ಬೇರೆ ಬಂತು. ಆಗ ಮೆಕ್ಯಾನಿಕ್ ಹತ್ತಿರ ಒಯ್ದೆ. ತಗೊಳ್ಳುವ ಮೊದಲು ಒಯ್ಯಬೇಕಿದ್ದ ಜಾಗಕ್ಕೆ ತಗೊಂಡ ಮೇಲೆ ಹೋದೆ.

ಮೆಕ್ಯಾನಿಕ್ ಮೊದಲು ಬ್ಯಾಟರಿ ನೋಡಿದರು. ಅದು ಈ ಗಾಡಿಯದೇ ಅಲ್ಲ. ಚಿಕ್ಕ ಬ್ಯಾಟರಿ ತಂದು ಅಲ್ಲಾಡದ ಹಾಗೆ ತಂತಿ ಬಿಗಿದು ಕೂರಿಸಿದ್ದಾರೆ. ಬ್ಯಾಟರಿ ಮೇಲೆ ಸಿಸಿಎ ಅಂತ ಒಂದು ಸಂಖ್ಯೆ ಇರುತ್ತದಲ್ಲ, ಅದು ಮೈನಸ್ 18 ಡಿಗ್ರಿಯಲ್ಲಿ 30 ಸೆಕೆಂಡ್ ಎಷ್ಟು ಕರೆಂಟ್ ಕೊಡಬಲ್ಲದು ಅನ್ನುವ ಲೆಕ್ಕ. ಟೆಸ್ಟರ್ ಇಟ್ಟರೆ ಬರೆದದ್ದರಲ್ಲಿ ಅರ್ಧವೂ ಇಲ್ಲ.

ಬ್ಲಾಕ್ ಹೀಟರ್? ವೈರ್ ಇತ್ತು. ಹೀಟರ್ ಇರಲಿಲ್ಲ. ಒಳಗಿನ ತುದಿಯನ್ನು ಸುಮ್ನೆ ಜಿಪ್ ಟೈ ಹಾಕಿ ಒಂದು ಬ್ರಾಕೆಟ್‌ಗೆ ಕಟ್ಟಿದ್ದರು. ರಾತ್ರಿಯೆಲ್ಲಾ ನಾನು ಕರೆಂಟ್ ಕೊಟ್ಟಿದ್ದು ಒಂದು ತುಂಡು ವೈರಿಗೆ. ಮೆಕ್ಯಾನಿಕ್‌ಗೆ ನಗು ಬಂತು. ನನಗೂ ನಗಬೇಕು ಅನ್ನಿಸಿತು, ಆಗಲಿಲ್ಲ.

ಟಯರ್ ಬಟನ್ ಚೆನ್ನಾಗಿತ್ತು ನಿಜ. ಆದರೆ ಪಕ್ಕದಲ್ಲಿರುವ ನಾಲ್ಕು ಅಂಕಿ ನೋಡಿ ಅಂದರು. 3813. ಅಂದರೆ 2013ನೇ ಇಸವಿಯ 38ನೇ ವಾರ ತಯಾರಾದದ್ದು. ರಬ್ಬರ್ ಕಲ್ಲಾಗಿದೆ. ಎಂ ಪ್ಲಸ್ ಎಸ್ (ಮಡ್ ಅಂಡ್ ಸ್ನೋ, ಅಂದರೆ ಕೆಸರು ಮತ್ತು ಹಿಮ) ಅಂತ ಮಾತ್ರ ಬರೆದಿದೆ, ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿನ ಗುರುತು ಇಲ್ಲವೇ ಇಲ್ಲ. ಹಿಮದ ಮೇಲೆ ಪರೀಕ್ಷೆ ಮಾಡಿ ಕೊಡುವುದು ಆ ಬೆಟ್ಟದ ಗುರುತನ್ನು. ಎಂ ಪ್ಲಸ್ ಎಸ್ ಹಾಕಿಕೊಳ್ಳಲು ಅಂಥ ಪರೀಕ್ಷೆ ಬೇಕಿಲ್ಲ.

ಆಮೇಲೆ ಗಾಡಿಯನ್ನು ಲಿಫ್ಟ್ ಮೇಲೆ ಏರಿಸಿದರು. ಬಾಗಿಲುಗಳ ಕೆಳಗೆ ಉದ್ದಕ್ಕೆ ತಗಡು ಇರುತ್ತದಲ್ಲ, ಅಲ್ಲಿ ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲಗೆ ಒತ್ತಿದರು. ಒಳಗೇ ಹೋಯಿತು. ಮೆಲ್ಲಗೆ ಒತ್ತಿದ್ದು ರೀ, ಚುಚ್ಚಿದ್ದಲ್ಲ! ಕಪ್ಪು ಕೋಟಿಂಗ್ ಹಾಳೆಯ ಹಾಗೆ ಕಿತ್ತು ಬಂತು, ಹಿಂದೆಯೇ ಕಂದು ಪುಡಿ ಸುರಿಯಿತು. ತುಕ್ಕಿನ ಮೇಲೆಯೇ ಬಳಿದಿದ್ದಾರೆ. ಹೀಗೆ ಬಳಿದರೆ ಉಪ್ಪು ನೀರು ಒಳಗೇ ಉಳಿದು ತುಕ್ಕು ಇನ್ನೂ ಬೇಗ ತಿನ್ನುತ್ತದೆಯಂತೆ. ಬ್ರೇಕ್ ಪೈಪಿನ ಮೇಲೂ ಅದೇ ಕಪ್ಪು. ಕೆರೆದು ನೋಡಿದರೆ ಪೈಪ್ ಚಕ್ಕೆ ಚಕ್ಕೆ. “ಇದು ಒಡೆದರೆ ಪೆಡಲ್ ಸೀದಾ ಕೆಳಗೆ ಹೋಗುತ್ತೆ, ಓಡಿಸಬೇಡಿ” ಅಂದರು. ಆ ಗಾಡಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಓಡಾಡಿದ್ದೇನೆ ನಾನು.

ಆದರೆ ನಿಜವಾಗಿ ಹೊಟ್ಟೆ ಉರಿದದ್ದು ಸ್ಕ್ಯಾನರ್ ಹಾಕಿದಾಗ. ಚೆಕ್ ಎಂಜಿನ್ ಲೈಟ್ ಯಾಕೆ ಬಂತು ಅಂತ ಹೇಳುವ ಕೋಡ್, ಪಿ0128. ಎಂಜಿನ್ ಬೇಕಾದಷ್ಟು ಬಿಸಿಯಾಗುತ್ತಿಲ್ಲ, ಎಂಜಿನ್ ಬಿಸಿಯಾಗುವವರೆಗೆ ಮುಚ್ಚಿರಬೇಕಾದ ಕೂಲಂಟ್ ವಾಲ್ವ್, ಅಂದರೆ ಥರ್ಮೋಸ್ಟಾಟ್, ತೆರೆದೇ ಉಳಿದಿದೆ. ಅದು ಇರಲಿ. ಇನ್ನೊಂದು ಸಾಲು ತೋರಿಸಿದರು. ಕೋಡ್ ಅಳಿಸಿದ ಮೇಲೆ ಗಾಡಿ ಎಷ್ಟು ಓಡಿದೆ ಅನ್ನುವುದನ್ನೂ ಗಾಡಿಯೇ ಲೆಕ್ಕ ಇಟ್ಟಿರುತ್ತದಂತೆ. 212 ಕಿಲೋಮೀಟರ್. ನಾನು ತಗೊಂಡ ದಿನ ಪತ್ರದಲ್ಲಿ ಮೀಟರ್ ರೀಡಿಂಗ್ ಬರೆದಿದ್ದೆವು. ಅಲ್ಲಿಂದ ಇಲ್ಲಿಗೆ ನಾನು ಓಡಿಸಿದ್ದು 198. ಉಳಿದದ್ದು 14. ನನ್ನ ಟೆಸ್ಟ್ ಡ್ರೈವ್ ಹೆಚ್ಚೆಂದರೆ 5. ಉಳಿದ 9 ಕಿಲೋಮೀಟರ್ ಯಾವುದು? ಆ “ಮೂಲೆಯಲ್ಲೇ ಇರೋ” ಜಾಗಕ್ಕೆ ತೊಳೆಸಲು ಹೋದದ್ದು! ಲೈಟ್ ಅಳಿಸಿ, ಎಂಜಿನ್ ಚೆನ್ನಾಗಿ ಕಾಯಿಸಿ, ತೊಳೆದು ತಂದು ನಿಲ್ಲಿಸಿದ್ದಾನೆ. ನಾನು ಆ ಬಿಸಿ ಬಾನೆಟ್ ಮೇಲೆ ಕೈ ಇಟ್ಟು ಅವನಿಗೆ ಥ್ಯಾಂಕ್ಸ್ ಹೇಳಿ ಬಂದಿದ್ದೇನೆ.

ಮೆಸೇಜ್ ಮಾಡಿದೆ. ಅವನ ಉತ್ತರಗಳನ್ನು ಕೇಳಿ.

“ನನ್ನ ಹತ್ರ ಇದ್ದಾಗ ಒಂದು ದಿನವೂ ನಿಂತಿಲ್ಲ ಸರ್. ನಿಮ್ಮ ಕಡೆ ಚಳಿ ಜಾಸ್ತಿ ಇರಬೇಕು.” ಅವನ ಮನೆಗೂ ನಮ್ಮ ಮನೆಗೂ ಇಪ್ಪತ್ತು ನಿಮಿಷದ ದಾರಿ.

ಬ್ಯಾಟರಿ ಹೊಸದು ಅಂದಿದ್ರಲ್ಲ ಅಂದೆ. “ಹೊಸದಾಗಿ ಹಾಕಿಸಿದ್ದು ಅಂತ ಅರ್ಥ.” ಇದನ್ನು ನಾಲ್ಕು ಸಲ ಓದಿದೆ. ಹೊಸದಾಗಿ ಹಾಕಿಸಿದ್ದು!

ತುಕ್ಕಿನ ಫೋಟೋ ಕಳಿಸಿದೆ. “ನೀವೇ ನೋಡಿ ತಗೊಂಡ್ರಿ. ನಾನೇ ಟಾರ್ಚ್ ಹಾಕಿ ತೋರಿಸಿದ್ದೆ ಅಲ್ವಾ? ಇದ್ದ ಹಾಗೇ ಕೊಟ್ಟಿದ್ದೀನಿ ಅಂತ ಪತ್ರದಲ್ಲಿ ಸಹಿ ಮಾಡಿದ್ದೀರಿ.” ಮಾಡಿದ್ದೇನೆ. ಹೌದು. ಅದೊಂದು ನಿಜ.

ಕೊನೆಗೆ 212, 198 ಲೆಕ್ಕ ಬರೆದು ಕಳಿಸಿದೆ. ಎರಡು ದಿನ ಮಾತಿಲ್ಲ. ಓದಿದ್ದು ಗೊತ್ತಾಗುತ್ತಿತ್ತು. ಆಮೇಲೆ ಬಂತು, “ತೊಳೆಯೋ ಕಡೆ ಹುಡುಗರು ಏನೋ ಮಾಡಿರಬೇಕು, ನನಗೆ ಗೊತ್ತಿಲ್ಲ.” ಗಾಡಿ ತೊಳೆಯುವ ಹುಡುಗರು ಸ್ಕ್ಯಾನರ್ ಹಾಕಿ ಕೋಡ್ ಅಳಿಸುತ್ತಾರಾ? ಅದನ್ನೇ ಕೇಳಿದೆ. ಬ್ಲಾಕ್ ಮಾಡಿದ. ಹಳೆಯ ಜಾಹೀರಾತನ್ನೂ ತೆಗೆದುಹಾಕಿದ್ದಾನೆ. ನಾನು ಅದರ ಸ್ಕ್ರೀನ್‌ಶಾಟ್ ಕೂಡ ಇಟ್ಟುಕೊಂಡಿರಲಿಲ್ಲ. ಈಗ ‘ಹೊಸ ಬ್ಯಾಟರಿ’ ಅಂತ ಬರೆದಿದ್ದ ಅನ್ನುವುದಕ್ಕೇ ಸಾಕ್ಷಿ ಇಲ್ಲ.

ಆದ್ದರಿಂದ ದಯವಿಟ್ಟು, ಬೆಳಿಗ್ಗೆ ಹೋಗಿ. “ಎಂಜಿನ್ ಸ್ಟಾರ್ಟ್ ಮಾಡಬೇಡಿ, ನಾನು ಬಂದ ಮೇಲೆ ಮಾಡೋಣ” ಅಂತ ಮೊದಲೇ ಹೇಳಿ. ಬಾನೆಟ್ ಬಿಸಿ ಇದ್ದರೆ ಮಾತೇ ಬೇಡ, ವಾಪಸ್ ಬನ್ನಿ, ಎಷ್ಟೇ ಚೆನ್ನಾಗಿ ತೊಳೆದಿರಲಿ. ಕೆಳಗೆ ತುಕ್ಕು ಕಂಡರೆ ಲೆಕ್ಕ ಹಾಕಬಹುದು, ಹೊಸ ಕಪ್ಪು ಬಣ್ಣ ಕಂಡರೆ ಹೆದರಿ. ಸ್ಕ್ಯಾನರ್ ಇರುವ ಯಾರನ್ನಾದರೂ ಕರೆದುಕೊಂಡು ಹೋಗಿ, ಲಿಫ್ಟ್ ಮೇಲೆ ಹಾಕಿಸಿ. ಮಾರುವವನು ಒಪ್ಪದಿದ್ದರೆ ಅದೇ ಉತ್ತರ. ಜಾಹೀರಾತಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಮತ್ತೆ, ನಗುನಗುತ್ತಾ ಮಾತಾಡುವವರ ಹತ್ತಿರ ಇನ್ನೂ ಹುಷಾರು. ನನಗಂತೂ ಈಗ ಯಾರಾದರೂ ‘ಸರ್’ ಅಂದರೂ ಸಿಟ್ಟು ಬರುತ್ತದೆ.

ಬ್ರೇಕ್ ಪೈಪ್ ಹಾಕಿ ಮುಗಿಯುವವರೆಗೆ ಗಾಡಿ ಮೆಕ್ಯಾನಿಕ್ ಹತ್ತಿರವೇ ಇರುತ್ತದೆ. ನಾನು ಬಸ್ಸಿನಲ್ಲಿ ಆಫೀಸಿಗೆ ಹೋಗುತ್ತಿದ್ದೇನೆ. ಇವತ್ತು ಬೆಳಿಗ್ಗೆ ಅದೇ ಪ್ಯಾಂಟ್ ಹಾಕಿಕೊಂಡು ಹೊರಟಾಗ ಹೆಂಡತಿ ಒಂದು ಸಲ ಮೇಲಿಂದ ಕೆಳಗೆ ನೋಡಿದಳು. “ಇದಕ್ಕಂತೂ ಒಂದು ಕಲೆ ಆಗಲಿಲ್ಲ ಬಿಡಿ” ಅಂದಳು.